ಉಕ್ಕಿನ ಕೈಯೊಂದೇ ಕಾಣುವ ನಾಯಕ: ‘ಇರುಂಬುಕ್ಕೈ ಮಾಯಾವಿ’ಯನ್ನು ಮತ್ತೆ ಓದಿದಾಗ

ಹೊಸೂರಿನ ಓದುಗ:

ಕಳೆದ ತಿಂಗಳು ಹೊಸೂರಿನ ನಮ್ಮ ಹಳೆಯ ಮನೆಯ ಅಟ್ಟವನ್ನು ಖಾಲಿ ಮಾಡುವಾಗ, ಅಪ್ಪನ ಕಾಲದ ತಗಡಿನ ಪೆಟ್ಟಿಗೆಯ ತಳದಲ್ಲಿ ಗೋಣಿದಾರದಿಂದ ಕಟ್ಟಿಟ್ಟಿದ್ದ ಏಳು ಪುಸ್ತಕಗಳು ಸಿಕ್ಕವು. ಆರು ನಮ್ಮ ಶಾಲೆಯ ಪಠ್ಯಪುಸ್ತಕಗಳು. ಏಳನೆಯದು ಹೊದಿಕೆಯಿಲ್ಲದ, ಕೊನೆಯ ಕೆಲವು ಹಾಳೆಗಳನ್ನೂ ಕಳೆದುಕೊಂಡಿರುವ, ತಮಿಳಿನ ಒಂದು ಚಿತ್ರಕಥೆ. ಹೆಸರಿನ ಪುಟವಿಲ್ಲದಿದ್ದರೂ ಅದು ‘ಇರುಂಬುಕ್ಕೈ ಮಾಯಾವಿ’ಯ, ಅಂದರೆ ಕಬ್ಬಿಣದ ಕೈಯ ಮಾಯಾವಿಯ ಕಥೆಯೆಂದು ತಿಳಿಯಲು ಒಂದು ಚಿತ್ರವೇ ಸಾಕಾಯಿತು: ಕತ್ತಲೆಯ ಕೋಣೆಯಲ್ಲಿ, ಕಿಟಕಿಯ ಚೌಕಟ್ಟನ್ನು ಹಿಡಿದ ಒಂದು ಉಕ್ಕಿನ ಕೈ, ಆ ಕೈಯ ಮಣಿಕಟ್ಟಿನಿಂದಾಚೆಗೆ ಬರಿಯ ಗಾಳಿ.

ಗಡಿಯ ಈಚೆಗೆ ಬೆಳೆದ ಕನ್ನಡಿಗರಲ್ಲಿ ಹಲವರಿಗೆ ಈ ಕೈ ನೆನಪಿದ್ದೀತು ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಬಸ್ ನಿಲ್ದಾಣದ ಪುಸ್ತಕದ ಅಂಗಡಿಯಲ್ಲಿ ತಮಿಳು, ಹೀಗಿತ್ತು ನಮ್ಮ ಬಾಲ್ಯ. ತಮಿಳು ಅಕ್ಷರಗಳನ್ನು ನಾನು ಕೂಡಿಸಿ ಓದಲು ಕಲಿತದ್ದು ಶಾಲೆಯಲ್ಲಲ್ಲ, ಅಕ್ಕನ ಪಕ್ಕದಲ್ಲಿ ಕುಳಿತು, ಈ ಮಾಯಾವಿಯ ಮಾತಿನ ಗುಳ್ಳೆಗಳಲ್ಲಿ.

ಪರಿಚಯವಿಲ್ಲದವರಿಗಾಗಿ ಮೂಲವನ್ನು ಹೇಳಿಬಿಡುತ್ತೇನೆ. ಇದು ತಮಿಳಿನಲ್ಲಿ ಹುಟ್ಟಿದ ಕಥೆಯಲ್ಲ. 1962ರ ಅಕ್ಟೋಬರ್ 6ರಂದು ಇಂಗ್ಲೆಂಡಿನಲ್ಲಿ ‘ವೇಲಿಯಂಟ್’ ಎಂಬ ಹುಡುಗರ ವಾರಪತ್ರಿಕೆ ಶುರುವಾಯಿತು. ಅದರ ಮೊದಲ ಸಂಚಿಕೆಯಿಂದಲೇ ‘ದಿ ಸ್ಟೀಲ್ ಕ್ಲಾ’ ಧಾರಾವಾಹಿಯಾಗಿ ಬಂತು. ಆರಂಭದಲ್ಲಿ ಬರೆದವರು ವಿಜ್ಞಾನ ಕಾದಂಬರಿಕಾರ ಕೆನ್ ಬುಲ್ಮರ್, ಅನಂತರ ಟಾಮ್ ಟುಲ್ಲಿ. ಚಿತ್ರ ಬರೆದವರು ಬಾರ್ಸಿಲೋನಾದ ಹೆಸುಸ್ ಬ್ಲಾಸ್ಕೊ. 1972ರಲ್ಲಿ ಶಿವಕಾಶಿಯಿಂದ ‘ಮುತ್ತು ಕಾಮಿಕ್ಸ್’ ಹೊರಟಾಗ ಅದರ ಮೊದಲ ಪುಸ್ತಕವೇ ‘ಇರುಂಬುಕ್ಕೈ ಮಾಯಾವಿ’ ಆಯಿತು. ಹೀಗೆ, ಸ್ಪೇನಿನವನೊಬ್ಬ ಲಂಡನ್ನಿನ ಪತ್ರಿಕೆಗೆ ಬರೆದ ಚಿತ್ರಗಳು ಪಟಾಕಿ, ಬೆಂಕಿಕಡ್ಡಿ ಮತ್ತು ಕ್ಯಾಲೆಂಡರುಗಳ ಊರಿನಲ್ಲಿ ಅಚ್ಚಾಗಿ, ತಮಿಳು ಮಾತನಾಡುತ್ತ, ಹೊಸೂರಿನ ಕನ್ನಡದ ಮಕ್ಕಳ ಕೈಗೆ ಬಂದವು.

ನಾಯಕ ಲೂಯಿ ಕ್ರಾಂಡೆಲ್ ಪ್ರೊಫೆಸರ್ ಬ್ಯಾರಿಂಜರ್ ಎಂಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಸಹಾಯಕ. ಅಪಘಾತವೊಂದರಲ್ಲಿ ಬಲಗೈಯನ್ನು ಕಳೆದುಕೊಂಡು, ಉಕ್ಕಿನ ಕೈಯನ್ನು ಜೋಡಿಸಿಕೊಂಡವನು. ಇನ್ನೊಂದು ಅವಘಡದಲ್ಲಿ ಭಾರಿ ವಿದ್ಯುತ್ ಹರಿದಾಗ ಅವನ ಇಡೀ ದೇಹ ಕಣ್ಮರೆಯಾಗುತ್ತದೆ, ಕೈಯೊಂದು ಮಾತ್ರ ಉಳಿಯುತ್ತದೆ. ಅಂದಿನಿಂದ, ಮಾಯವಾಗಬೇಕಾದಾಗಲೆಲ್ಲ ಅವನು ಕರೆಂಟಿನ ಆಘಾತವನ್ನು ತೆಗೆದುಕೊಳ್ಳಲೇಬೇಕು, ಮತ್ತು ಸ್ವಲ್ಪ ಹೊತ್ತಿನ ಮೇಲೆ ಆ ಶಕ್ತಿ ತಾನಾಗಿ ಇಳಿದುಹೋಗುತ್ತದೆ.

ಈಗ ಮತ್ತೆ ಓದಿದಾಗ ನನ್ನನ್ನು ಹಿಡಿದಿಟ್ಟದ್ದು ಈ ಕಟ್ಟುಪಾಡುಗಳೇ. ಅಡಗಿಕೊಳ್ಳುವುದೇ ಕಸುಬಾದವನಿಗೆ ಅಡಗಿಸಲಾಗದ ಒಂದು ಅಂಗವಿದೆ. ಅವನ ಅಂಗಿ, ಷರಾಯಿ, ಬೂಟುಗಳೆಲ್ಲ ಮಾಯವಾಗುತ್ತವೆ, ಅವನನ್ನು ಗುರುತಿಸಲು ಸಾಕಾಗುವ ಒಂದೇ ಒಂದು ವಸ್ತು ಮಾಯವಾಗುವುದಿಲ್ಲ. ಬೇರೆ ನಾಯಕರು ಶಕ್ತಿಯಿಂದ ಗೆಲ್ಲುವಾಗ, ಇವನು ಪ್ರತಿ ಪುಟದಲ್ಲೂ ಕೈಯನ್ನು ಎಲ್ಲಿ ಮರೆಮಾಡಲಿ ಎಂದು ಹುಡುಕುತ್ತಿರುತ್ತಾನೆ. ನಿಮ್ಮಲ್ಲಿ ಯಾರಾದರೂ ಇತ್ತೀಚೆಗೆ ಇದನ್ನು ಓದಿದ್ದರೆ ನಿಮಗೇನು ಅನ್ನಿಸಿತು ಎಂದು ತಿಳಿಸಬೇಕಾಗಿ ಕೋರುತ್ತೇನೆ.

ತಾಳವಾಡಿಯ ಮೇಷ್ಟ್ರು:

ತಮ್ಮ ಬರಹವನ್ನು ಸಂತೋಷದಿಂದ ಓದಿದೆ. ನನ್ನ ಬಳಿ ಮಾಯಾವಿಯ ಹನ್ನೊಂದು ಪುಸ್ತಕಗಳಿವೆ, ಕೆಲವು ಹಳೆಯವು, ಕೆಲವು ಈಚಿನ ಮರುಮುದ್ರಣಗಳು. ಆದರೂ ಒಂದು ತಕರಾರನ್ನು ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ಬಾಲ್ಯದ ಮೇಲಿನ ಮಮತೆಯನ್ನು ನಾವು ಪುಸ್ತಕದ ಗುಣವೆಂದು ಎಣಿಸಬಾರದು. ಕಥೆಯಲ್ಲಿ ಹೆಣ್ಣುಪಾತ್ರಗಳು ಹೆಚ್ಚುಕಡಿಮೆ ಇಲ್ಲ. ಮೊದಲಿಗೆ ಕಳ್ಳನಾಗಿ ಜನರನ್ನು ನಡುಗಿಸುವ ಕ್ರಾಂಡೆಲ್ ಮುಂದೆ ಸರಕಾರದ ಗುಪ್ತ ಪಡೆಗೆ ಸೇರಿದ ಮೇಲೆ, ಅವನಿಂದ ನೊಂದವರ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವನಾಗಿ ಈ ಎರಡನೆಯ ಸಂಗತಿ ನನ್ನನ್ನು ಬಹಳ ಕಾಡುತ್ತದೆ. ತಪ್ಪು ಮಾಡಿದವನಿಗೆ ಕೆಲಸ ಕೊಟ್ಟರೆ ತಪ್ಪು ತೀರಿತು ಎಂದು ಮಕ್ಕಳು ತಿಳಿಯಬಾರದಲ್ಲವೇ? ಚಿತ್ರಗಳ ವಿಷಯ ಬೇರೆ, ಅವು ಬಹಳ ದೊಡ್ಡ ಕಲಾವಿದನ ಕೈಯಿಂದ ಬಂದವು. ಚಿತ್ರಗಳನ್ನು ತೆಗೆದಿಟ್ಟರೆ ಉಳಿಯುವುದು ಅವಸರದಲ್ಲಿ ಹೆಣೆದ ಕಥೆ ಎಂಬುದು ನನ್ನ ಅಭಿಪ್ರಾಯ.

ನಿವೃತ್ತ ಲೈನ್‌ಮನ್, ದೆಂಕಣಿಕೋಟೆ:

ಇ.ಬಿ.ಯಲ್ಲಿ, ಅಂದರೆ ವಿದ್ಯುತ್ ಮಂಡಳಿಯಲ್ಲಿ, ಕೆಲಸ ಮಾಡಿ ನಿವೃತ್ತನಾದವನು ನಾನು. ಈ ಪುಸ್ತಕವನ್ನು ಓದಿದ್ದರಿಂದ ಆ ಕೆಲಸಕ್ಕೆ ಸೇರಿದೆ ಎಂದರೆ ಪೂರ್ತಿ ನಿಜವಾಗದು, ಆದರೆ ಕಂಬದ ಮೇಲೆ ಕುಳಿತಾಗ ಎಷ್ಟೋ ಬಾರಿ ಇವನನ್ನು ನೆನೆದಿದ್ದೇನೆ ಎಂಬುದು ನಿಜ.

ಚಿಕ್ಕಂದಿನಲ್ಲಿ ನಮ್ಮ ಊರಿನ ಹುಡುಗರ ಮುಖ್ಯ ಚರ್ಚೆ ಒಂದೇ ಆಗಿತ್ತು: ಮಾಯಾವಿ ನಮ್ಮ ಊರಿಗೆ ಬಂದರೆ ಏನು ಮಾಡುತ್ತಾನೆ? ಲಂಡನ್ನಿನಲ್ಲಿ ಯಾವ ಗೋಡೆಗೆ ಕೈಹಾಕಿದರೂ ವೈರು ಸಿಗುತ್ತದೆ. ನಮ್ಮಲ್ಲಿ ಮಳೆಯ ಮೊದಲ ಹನಿಗೆ ಕರೆಂಟು ಹೋದರೆ ಮಾರನೆಯ ದಿನ ಬಂದರೂ ಬಂತು. ಒಬ್ಬ, ಅವನು ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ಕೈಕೊಡುತ್ತಾನೆ ಎನ್ನುತ್ತಿದ್ದ. ಇನ್ನೊಬ್ಬ, ಸಿಡಿಲಿಗಾಗಿ ಕಾಯುತ್ತಾನೆ ಎನ್ನುತ್ತಿದ್ದ. ಕರೆಂಟು ಬಂದ ಕ್ಷಣದಲ್ಲಿ ಊರಿನ ಮಕ್ಕಳೆಲ್ಲ ಒಟ್ಟಿಗೆ ಕೂಗುತ್ತಾರಲ್ಲ, ಆ ಕೂಗಿನಲ್ಲಿ ನಮ್ಮ ಪಾಲಿಗೆ ಮಾಯಾವಿಯ ಬಿಡುಗಡೆಯೂ ಸೇರಿತ್ತು.

ಓದುಗರು ಕೇಳಿದ್ದಕ್ಕೆ ನನ್ನ ಅನುಭವದ ಮಾತು. ಮನೆಗೆ ಬರುವ 230 ವೋಲ್ಟು ಮೈಯಲ್ಲಿ ಹರಿಯಬೇಕಾದರೆ ಒಳಬರುವ ದಾರಿಯಂತೆ ಹೊರಹೋಗುವ ದಾರಿಯೂ ಬೇಕು, ಸಾಮಾನ್ಯವಾಗಿ ಅದು ಕಾಲಿನಿಂದ ನೆಲಕ್ಕೆ. ಮನೆಯ ಲೀಕೇಜ್ ಬ್ರೇಕರನ್ನು 30 ಮಿಲಿ ಆಂಪಿಯರಿಗೇ ಕಡಿದುಹೋಗುವಂತೆ ಇಟ್ಟಿರುವುದು, ಅದಕ್ಕಿಂತ ಹೆಚ್ಚಿನದು ಎದೆಯ ಮೂಲಕ ಹಾದರೆ ಹೃದಯದ ಬಡಿತ ಕೆಟ್ಟು ಪ್ರಾಣ ಹೋಗಬಹುದೆಂದು. ಆದ್ದರಿಂದ ಈ ಪುಸ್ತಕವನ್ನು ಮಕ್ಕಳಿಗೆ ಕೊಡುವವರು ಪಕ್ಕದಲ್ಲಿ ಕುಳಿತು ಎರಡು ಮಾತು ಹೇಳಿಯೇ ಕೊಡಬೇಕು. ನಮ್ಮ ಕಾಲದಲ್ಲಿ ಹಾಗೆ ಹೇಳುವವರಿರಲಿಲ್ಲ. ಆರನೆಯ ತರಗತಿಯಲ್ಲಿ ನಾನು ಫ್ಯೂಸ್ ಕ್ಯಾರಿಯರನ್ನು ಕಿತ್ತು ಬೆರಳು ಚಾಚಿದ್ದನ್ನು ನೋಡಿ ನಮ್ಮ ತಾತ ಹಿಂದಿನಿಂದ ಅಂಗಿ ಹಿಡಿದು ಎಳೆದರು. ಅವರು ಎಳೆಯದಿದ್ದರೆ ಈ ಉತ್ತರ ಬರೆಯಲು ನಾನಿರುತ್ತಿರಲಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ಆ ಕಥೆ ನನಗೆ ಇಷ್ಟ. ಏಕೆಂದರೆ ಪ್ರತಿ ಆಘಾತದಲ್ಲೂ ಅವನ ಮುಖ ನೋವಿನಿಂದ ಕಿವುಚಿಕೊಳ್ಳುತ್ತದೆ. ಶಕ್ತಿಯೆಂಬುದು ಅವನಿಗೆ ಪುಕ್ಕಟೆ ಬರುವುದಿಲ್ಲ, ಪ್ರತಿಸಲವೂ ಮೈಯೊಡ್ಡಿ ಕೊಳ್ಳಬೇಕು.

ಮಡಕಶಿರಾದ ವಿಜ್ಞಾನ ಶಿಕ್ಷಕಿ:

ಲೈನ್‌ಮನ್ ಸರ್ ವಿದ್ಯುತ್ತಿನ ಬಗ್ಗೆ ಹೇಳಿದರು, ನಾನು ಬೆಳಕಿನ ಬಗ್ಗೆ ಒಂದು ಮಾತನ್ನು ಸೇರಿಸುತ್ತೇನೆ. ಕಣ್ಣಿನ ಹಿಂದಿನ ಪರದೆ ಬೆಳಕನ್ನು ಹೀರಿಕೊಂಡರೆ ಮಾತ್ರ ನಮಗೆ ಕಾಣುತ್ತದೆ. ಬೆಳಕು ಮೈಯ ಮೂಲಕ ತಡೆಯಿಲ್ಲದೆ ಹಾದುಹೋಗುವವನಿಗೆ ಕಣ್ಣು ಕಾಣಿಸಲಾರದು. ಪೂರ್ಣವಾಗಿ ಅದೃಶ್ಯನಾದವನು ಪೂರ್ಣವಾಗಿ ಕುರುಡನೂ ಆಗಬೇಕು. ನನ್ನ ಒಂಬತ್ತನೆಯ ತರಗತಿಯ ಮಕ್ಕಳಿಗೆ ಈ ಮಾಯಾವಿಯ ಒಂದು ಚಿತ್ರವನ್ನು ತೋರಿಸಿ, ಇವನಿಗೆ ನಾವು ಕಾಣುತ್ತೇವೆಯೇ ಎಂದು ಕೇಳಿದಾಗ ಇಡೀ ಅವಧಿ ಅದರಲ್ಲೇ ಕಳೆಯಿತು. ಕೊನೆಯ ಸಾಲಿನ ಹುಡುಗಿಯೊಬ್ಬಳು, ‘ಹಾಗಾದರೆ ಅವನಿಗೆ ತನ್ನ ಕೈ ಕೂಡ ಕಾಣುವುದಿಲ್ಲ, ನಮಗೆ ಮಾತ್ರ ಕಾಣುತ್ತದೆ’ ಎಂದಳು. ಆ ಮಾತನ್ನು ನಾನು ಮರೆತಿಲ್ಲ.

ಬದಿಯಡ್ಕದ ಅಕ್ಕ:

ಕಾಸರಗೋಡಿನ ಕಡೆಯಿಂದ ನನ್ನದೂ ಒಂದು ಮಾತಿದೆ, ಅದು ‘ಮಾಯಾವಿ’ ಎಂಬ ಶಬ್ದದ ಮೇಲೆ.

ನಮ್ಮ ಮನೆಯಲ್ಲಿ ಯಕ್ಷಗಾನದ ಹುಚ್ಚು. ಮಾಯಾವಿ ಎಂದರೆ ನಮಗೆ ಮೊದಲು ನೆನಪಾಗುತ್ತಿದ್ದವನು ರಾಮಾಯಣದ ಅಸುರ, ದುಂದುಭಿಯ ಸಂಬಂಧಿ, ವಾಲಿಯನ್ನು ಯುದ್ಧಕ್ಕೆ ಕರೆದು ಗುಹೆಯೊಳಗೆ ಓಡಿದವನು. ಕನ್ನಡದಲ್ಲಿ ಆ ಶಬ್ದಕ್ಕೆ ಮೋಸದ ನೆರಳಿದೆ; ಯಾರನ್ನಾದರೂ ಮಾಯಾವಿ ಎಂದರೆ ಹೊಗಳಿಕೆಯಾಗುವುದಿಲ್ಲ. ಆದರೆ ನೆರೆಮನೆಯ ಮಲಯಾಳಿ ಮಕ್ಕಳು ಓದುತ್ತಿದ್ದ ‘ಬಾಲರಮ’ ಪತ್ರಿಕೆಯಲ್ಲಿ ಮಾಯಾವಿ ಎಂದರೆ ಕಾಡಿನ ಮಕ್ಕಳನ್ನು ಕಾಪಾಡುವ, ಮಂತ್ರದಂಡ ಹಿಡಿದ ಒಬ್ಬ ಪುಟ್ಟ ಕುಟ್ಟಿಚ್ಚಾತ್ತ, ಅಂದರೆ ಮರಿದೆವ್ವ. ತಮಿಳಿನಲ್ಲಿ ನೋಡಿದರೆ ಕಣ್ಣಿಗೆ ಕಾಣದ ಉಕ್ಕಿನ ಕೈಯವನು. ಒಂದೇ ಸಂಸ್ಕೃತ ಶಬ್ದ ಮೂರು ಮನೆಗಳಲ್ಲಿ ಮೂರು ಬಗೆಯಾಗಿ ಬೆಳೆದಿದೆ. ಆದ್ದರಿಂದ ಮಾವನ ಮನೆಯಿಂದ ಯಾರೋ ತಂದ ಈ ತಮಿಳು ಪುಸ್ತಕವನ್ನು ಮೊದಲ ಬಾರಿ ನೋಡಿದಾಗ, ಅಕ್ಷರ ಓದಲು ಬಾರದಿದ್ದರೂ ಹೆಸರನ್ನು ಕೇಳಿ, ನಾನು ಅವನನ್ನು ಖಳನೆಂದೇ ತಿಳಿದುಕೊಂಡೆ. ಕಥೆಯ ಆರಂಭದ ಮಟ್ಟಿಗೆ ಆ ತಿಳಿವಳಿಕೆ ತಪ್ಪಾಗಿರಲಿಲ್ಲ ಎಂಬುದು ಮೇಷ್ಟ್ರ ಬರಹದಿಂದ ಈಗ ತಿಳಿಯಿತು.

ನಮಗೆ ಕನ್ನಡದಲ್ಲಿ ಸಿಗುತ್ತಿದ್ದ ಅದ್ಭುತ ನಾಯಕನೆಂದರೆ ‘ಬಾಲಮಂಗಳ’ ಪತ್ರಿಕೆಯ ಡಿಂಗನೆಂಬ ಇಲಿ. ಕೋಟ್ಟಯಂನ ಪ್ರಕಾಶನದ ಇಲಿ ನಮ್ಮ ಜಿಲ್ಲೆಯಲ್ಲಿ ಎರಡು ಭಾಷೆಗಳಲ್ಲಿ ಹಾರುತ್ತಿತ್ತು. ಪಕ್ಕದ ಮನೆಯವಳು ಮಲಯಾಳದಲ್ಲಿ ಡಿಂಕನ್ ಎಂದು ಓದುತ್ತಿದ್ದಳು, ನಾನು ಕನ್ನಡದಲ್ಲಿ ಡಿಂಗ ಎಂದು ಓದುತ್ತಿದ್ದೆ. ಅನ್ಯಗ್ರಹದವರು ಎತ್ತಿಕೊಂಡು ಹೋಗಿ ಪ್ರಯೋಗ ಮಾಡಿದ್ದರಿಂದ ಅವನಿಗೆ ಶಕ್ತಿ ಬಂತು, ಅಷ್ಟೇ. ಬಂದ ಮೇಲೆ ಅವನಿಗೆ ಕಷ್ಟವೆಂಬುದೇ ಇಲ್ಲ. ಲೈನ್‌ಮನ್ ಅಣ್ಣ ಹೇಳಿದ ನೋವಿನ ಮುಖವನ್ನು ನಾನು ಡಿಂಗನಲ್ಲಿ ಎಂದೂ ಕಂಡಿಲ್ಲ. ಬಹುಶಃ ಅದಕ್ಕಾಗಿಯೇ, ಓದಲಾಗದ ಭಾಷೆಯ ಆ ಪುಸ್ತಕದ ಚಿತ್ರಗಳು ಓದಿದ ನೂರು ಡಿಂಗ ಕಥೆಗಳಿಗಿಂತ ಹೆಚ್ಚು ಸ್ಪಷ್ಟವಾಗಿ ನೆನಪಿನಲ್ಲಿವೆ.

ಹೊಸೂರಿನ ಓದುಗ:

ಮೇಷ್ಟ್ರೇ, ತಮ್ಮ ತಕರಾರನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡು ರಾತ್ರಿ ಪುಸ್ತಕವನ್ನು ಮತ್ತೆ ಓದಿದೆ. ಹೆಣ್ಣುಪಾತ್ರಗಳ ಬಗ್ಗೆ ತಾವು ಹೇಳಿದ್ದನ್ನು ಒಪ್ಪುತ್ತೇನೆ, ಅದಕ್ಕೆ ಸಮಾಧಾನವಿಲ್ಲ. ಕಥೆ ಅವಸರದ್ದು ಎಂಬುದನ್ನು ಮಾತ್ರ ಒಪ್ಪಲಾರೆ.

ಈ ಅವಸರಕ್ಕೆ ಒಂದು ಕಾರಣವಿದೆ. ಮೂಲದಲ್ಲಿ ಇದು ವಾರಕ್ಕೆ ಕೆಲವೇ ಪುಟಗಳಂತೆ ಬರುತ್ತಿದ್ದ ಧಾರಾವಾಹಿ. ಪ್ರತಿ ಕಂತಿನ ಕೊನೆಯಲ್ಲಿ ಓದುಗ ಮುಂದಿನ ವಾರಕ್ಕಾಗಿ ಕಾಯುವಂತಹ ಒಂದು ಗಂಡಾಂತರ ಬರಲೇಬೇಕಿತ್ತು. ಆ ಕಂತುಗಳನ್ನೆಲ್ಲ ಒಂದೇ ಪುಸ್ತಕವಾಗಿ ಹೊಲಿದಾಗ, ಕೆಲವು ಪುಟಗಳಿಗೊಮ್ಮೆ ನಾಯಕ ಸಾವಿನ ಬಾಯಿಗೆ ಬೀಳುತ್ತಾನೆ, ಏಳುತ್ತಾನೆ, ಮತ್ತೆ ಬೀಳುತ್ತಾನೆ. ವಾರಗಟ್ಟಲೆ ಹರಡಿದ್ದ ಉಸಿರಾಟ ಅರ್ಧ ಗಂಟೆಗೆ ಇಳಿದಿದೆ. ಹರಿಕಥೆಯ ದಾಸರು ಏಳು ದಿನ ಹೇಳಬೇಕಾದದ್ದನ್ನು ಒಂದೇ ರಾತ್ರಿಯಲ್ಲಿ ಹೇಳಿದರೆ ಹೇಗೋ ಹಾಗೆ. ಇದು ದೋಷವೆಂದರೆ ದೋಷ, ಆದರೆ ನನಗೆ ಈ ಏದುಸಿರೇ ಪುಸ್ತಕದ ಜೀವವೆಂದು ತೋರುತ್ತದೆ.

ಇನ್ನು ಚಿತ್ರಗಳನ್ನು ತೆಗೆದಿಟ್ಟರೆ ಎಂದಿರಿ. ತೆಗೆದಿಡಲು ಬರುತ್ತದೆಯೇ? ಬ್ಲಾಸ್ಕೊ ಕಪ್ಪುಬಿಳುಪಿನಲ್ಲಿ ಕ್ರಾಂಡೆಲನ ಮುಖವನ್ನು ಬರೆದಿರುವ ರೀತಿಯಲ್ಲೇ ಕಥೆಯ ಅರ್ಧವಿದೆ. ಕಣ್ಣಿನ ಕೆಳಗಿನ ಕಪ್ಪು, ಕೆನ್ನೆಯ ಗುಳಿ, ಬೆವರು. ಅದು ಜಯಶಾಲಿಯ ಮುಖವಲ್ಲ, ಬಹಳ ದಿನ ನಿದ್ದೆಗೆಟ್ಟವನ ಮುಖ. ನೊಂದವರ ಲೆಕ್ಕವನ್ನು ಬರಹಗಾರ ಕೇಳಲಿಲ್ಲ, ನಿಜ. ಚಿತ್ರಕಾರ ಆ ಮುಖವನ್ನು ಹಗುರವಾಗಲು ಬಿಡಲಿಲ್ಲ. ಸರಕಾರದ ಕೆಲಸಕ್ಕೆ ಸೇರಿದ ಮೇಲೂ ಅವನು ನೆಮ್ಮದಿಯಾಗಿ ನಕ್ಕದ್ದನ್ನು ನನ್ನ ಈ ಹರಿದ ಪುಸ್ತಕದಲ್ಲಿ ಎಲ್ಲಿಯೂ ಕಾಣಲಿಲ್ಲ.

ಅಚ್ಚಿನ ಬಗ್ಗೆಯೂ ಒಂದು ಮಾತು. ನನ್ನ ಪ್ರತಿಯಲ್ಲಿ ಶಾಯಿ ಹಲವು ಕಡೆ ಹರಡಿ, ನೆರಳಿನ ಸೂಕ್ಷ್ಮ ಗೆರೆಗಳೆಲ್ಲ ಒಂದಾಗಿ, ಲಂಡನ್ನಿನ ರಾತ್ರಿ ಇನ್ನಷ್ಟು ಕಪ್ಪಾಗಿದೆ. ಮೂಲದ ಶುದ್ಧ ಅಚ್ಚನ್ನು ಬಯಸುವವರಿಗೆ ಇಂಗ್ಲೆಂಡಿನಿಂದ ಈಚೆಗೆ ಬಂದಿರುವ ಇಂಗ್ಲಿಷ್ ಸಂಕಲನಗಳಿವೆ. ನನಗೆ ಈ ಹೆಚ್ಚಾದ ಕತ್ತಲೆಯೇ ಹಿತ, ಏಕೆಂದರೆ ಅದರ ನಡುವೆ ಉಕ್ಕಿನ ಕೈ ಮಾತ್ರ ಬೆಳ್ಳಗೆ ಎದ್ದು ಕಾಣುತ್ತದೆ.

ಜತ್ತದ ಕಡೆಯವನು:

ನಾನು ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನವನು. ನಮ್ಮ ಕಡೆ ತಮಿಳು ಪುಸ್ತಕಗಳು ಬರುತ್ತಿರಲಿಲ್ಲ, ಟೈಮ್ಸ್ ಸಂಸ್ಥೆ 1964ರಲ್ಲಿ ಆರಂಭಿಸಿದ ‘ಇಂದ್ರಜಾಲ ಕಾಮಿಕ್ಸ್’ ಮರಾಠಿಯಲ್ಲಿ ಬರುತ್ತಿತ್ತು. ಅದರಲ್ಲಿ ಫ್ಯಾಂಟಮ್‌ನ ಹೆಸರು ವೇತಾಳ. ಕನ್ನಡದ ಮನೆಯಲ್ಲಿ ಬೇತಾಳನೆಂದರೆ ಹುಣಸೆಮರದ ಭಯ. ಪುಸ್ತಕದಲ್ಲಿ ಅವನೇ ಕಾಡಿನ ರಕ್ಷಕ. ಬದಿಯಡ್ಕದ ಅಕ್ಕನವರು ಹೇಳಿದ ಮಾಯಾವಿಯ ಗೊಂದಲವೇ ನಮಗೆ ಬೇತಾಳನಲ್ಲಿ ಆಗಿತ್ತು ಎಂದು ಹೇಳಲು ಬಂದೆ.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಫ್ಯಾಂಟಮ್ ಇಪ್ಪತ್ತೊಂದನೆಯ ತಲೆಮಾರಿನವನು, ಹಿಂದೆ ಇಪ್ಪತ್ತು ತಾತ ಮುತ್ತಾತಂದಿರು, ಗುಹೆ, ಉಂಗುರ, ಪ್ರತಿಜ್ಞೆ. ಮುಖವಾಡದ ಹಿಂದೆ ಒಂದು ಇಡೀ ವಂಶ ನಿಂತಿದೆ. ನಿಮ್ಮ ಕ್ರಾಂಡೆಲನಿಗೆ ಹಿಂದೆಯೂ ಯಾರಿಲ್ಲ, ಮುಂದೆಯೂ ಯಾರಿಲ್ಲ. ಅವನಿಗೆ ಇರುವುದು ಒಂದು ಕೈ.

ನಿವೃತ್ತ ಲೈನ್‌ಮನ್, ದೆಂಕಣಿಕೋಟೆ:

ಜತ್ತದ ಅಣ್ಣನವರ ಮಾತಿನಿಂದ ನೆನಪಾಯಿತು. ‘ಇಂದ್ರಜಾಲ’ದಲ್ಲಿ ಫ್ಯಾಂಟಮ್‌ನ ನಾಡಿಗೆ ಡೆಂಕಾಲಿ ಎಂದು ಹೆಸರು. ಮೂಲದ ಬೆಂಗಾಲ ಎಂಬ ಹೆಸರು ನಮ್ಮ ಬಂಗಾಳವನ್ನು ನೆನಪಿಸುತ್ತಿದ್ದುದರಿಂದ ಬದಲಿಸಿದರು ಎನ್ನುತ್ತಾರೆ. ದೆಂಕಣಿಕೋಟೆಯ ಹುಡುಗರಾದ ನಮಗೆ ಇದೆಲ್ಲ ಎಲ್ಲಿ ಗೊತ್ತು? ಡೆಂಕಾಲಿ ಎಂದರೆ ನಮ್ಮ ಊರಿನ ಕಾಡೇ ಎಂದು ಬಹಳ ದಿನ ನಂಬಿದ್ದೆವು. ಆನೆಗಳು ಬರುವ ಕಾಡು ಹೇಗೂ ಇತ್ತು.

ಮಾಯಾವಿಗೆ ತಿರುಗಿ ಬರುತ್ತೇನೆ. ಗುಪ್ತ ಪಡೆಗೆ ಸೇರಿದ ಮೇಲೆ ಅವನ ಬೆರಳುಗಳಲ್ಲಿ ಗುಂಡು ಹಾರಿಸುವ, ಹೊಗೆ ಬಿಡುವ ಉಪಕರಣಗಳನ್ನೆಲ್ಲ ಜೋಡಿಸಿದರು. ಮುಂದೆ ಒಂದು ಕಾಲದಲ್ಲಿ ಅವನಿಗೆ ಅಮೆರಿಕದ ನಾಯಕರ ಹಾಗೆ ಮೈಗಂಟಿದ ಉಡುಪನ್ನೂ ತೊಡಿಸಿದರು. ನನಗೆ ಅಲ್ಲಿಂದ ರುಚಿ ಕಡಿಮೆಯಾಯಿತು. ಕೈ ಬರಿಯ ಕೈಯಾಗಿದ್ದಾಗ ಅವನು ಉಪಾಯ ಹುಡುಕಬೇಕಿತ್ತು. ಬೆರಳೇ ಬಂದೂಕಾದ ಮೇಲೆ ಹುಡುಕಬೇಕಾದದ್ದೇನು ಉಳಿಯಿತು? ಮೇಷ್ಟ್ರು ಇದರ ಬಗ್ಗೆ ಏನು ಹೇಳುತ್ತಾರೋ ಕೇಳಲು ಆಸೆಯಿದೆ.

ತಾಳವಾಡಿಯ ಮೇಷ್ಟ್ರು:

ಉಡುಪಿನ ವಿಷಯದಲ್ಲಿ ಲೈನ್‌ಮನ್ ಅವರ ಪಕ್ಷ ನನ್ನದು. ಬೆರಳಿನ ಉಪಕರಣಗಳ ಬಗ್ಗೆ ಅಷ್ಟು ಕಠಿಣನಾಗಲಾರೆ, ನಮ್ಮ ಶಾಲೆಯ ಹುಡುಗರು ಬಿದಿರಿನ ತುಂಡುಗಳನ್ನು ಬೆರಳಿಗೆ ಸಿಕ್ಕಿಸಿಕೊಂಡು ಆಡುತ್ತಿದ್ದುದನ್ನು ಕಂಡವನು ನಾನು.

ಮುಖದ ಬಗ್ಗೆ ಹೊಸೂರಿನ ಓದುಗರು ಬರೆದದ್ದನ್ನು ಓದಿ, ನನ್ನಲ್ಲಿರುವ ಹನ್ನೊಂದು ಪುಸ್ತಕಗಳನ್ನೂ ತೆಗೆದು ಆ ಒಂದು ಕಾರಣಕ್ಕಾಗಿಯೇ ಪುಟ ತಿರುವಿದೆ. ನಗು ಇಲ್ಲವೇ ಇಲ್ಲವೆಂದಲ್ಲ, ಎರಡು ಮೂರು ಕಡೆ ಇದೆ. ಆದರೆ ಹೆಚ್ಚಿನ ಪುಟಗಳಲ್ಲಿ ತಾವು ಹೇಳಿದ ಮುಖವೇ. ಇಷ್ಟು ವರ್ಷ ನಾನು ಗುಳ್ಳೆಗಳನ್ನು ಓದುತ್ತಿದ್ದೆ, ಮುಖವನ್ನು ಓದಿರಲಿಲ್ಲ. ನ್ಯಾಯದ ಪ್ರಶ್ನೆಯನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ, ಆದರೆ ಅದನ್ನು ಕೇಳುವವನು ನಾನೊಬ್ಬನೇ ಅಲ್ಲ, ಚಿತ್ರಕಾರನೂ ಕೇಳುತ್ತಿದ್ದ ಎಂದು ಈಗ ಒಪ್ಪುತ್ತೇನೆ.

ಹುಡುಕುವಾಗ ಇನ್ನೊಂದು ಸಂಗತಿ ಸಿಕ್ಕಿತು. ಕತ್ತಲೆಯ ಕೋಣೆ, ಕಿಟಕಿಯ ಚೌಕಟ್ಟು, ಅದನ್ನು ಹಿಡಿದ ಕೈ: ತಾವು ಮೊದಲ ಬರಹದಲ್ಲಿ ಹೇಳಿದ ಚಿತ್ರ ನನ್ನಲ್ಲಿರುವ ಒಂದು ಪುಸ್ತಕದಲ್ಲಿದೆ. ಅದರ ಮುಂದಿನ ಮತ್ತು ಹಿಂದಿನ ಚಿತ್ರಗಳ ವಿವರ ತಿಳಿಸಿದರೆ ಎರಡೂ ಒಂದೇ ಪುಸ್ತಕವೋ ಅಲ್ಲವೋ ನೋಡಬಹುದು. ಒಂದೇ ಆಗಿದ್ದರೆ, ನನ್ನ ಪ್ರತಿಯಲ್ಲಿ ಕೊನೆಯ ಹಾಳೆಗಳೆಲ್ಲ ಸರಿಯಾಗಿವೆ. ಫೋನಿನಲ್ಲಿ ಚಿತ್ರ ತೆಗೆದು ಕಳಿಸಿಕೊಡುತ್ತೇನೆ.

ಹೊಸೂರಿನ ಓದುಗ:

ಮೇಷ್ಟ್ರೇ, ತಮಗೆ ಹೇಗೆ ಕೃತಜ್ಞತೆ ಹೇಳಲಿ ಎಂದು ತೋಚುತ್ತಿಲ್ಲ. ಹಿಂದಿನ ಚಿತ್ರದಲ್ಲಿ ಕಾವಲುಗಾರನೊಬ್ಬ ಲಾಂದ್ರವನ್ನು ಕೆಳಗೆ ಬೀಳಿಸಿದ್ದಾನೆ. ಮುಂದಿನದರಲ್ಲಿ ಖಾಲಿ ಕಿಟಕಿ, ಪರದೆ ಹೊರಕ್ಕೆ ಹಾರುತ್ತಿದೆ.

ಒಂದು ಸಂಗತಿಯನ್ನು ಮೊದಲೇ ಹೇಳಬೇಕಿತ್ತು. ಈ ಪುಸ್ತಕ ನಮ್ಮ ಕೈಗೆ ಬಂದದ್ದೇ ಹೀಗೆ, ಹೊದಿಕೆಯಿಲ್ಲದೆ, ಕೊನೆಯಿಲ್ಲದೆ, ಹಳೆಯ ಕಾಗದದ ಅಂಗಡಿಯಿಂದ. ಕಥೆ ಹೇಗೆ ಮುಗಿಯಿತೆಂದು ನನಗೂ ಅಕ್ಕನಿಗೂ ಇಂದಿಗೂ ಗೊತ್ತಿಲ್ಲ. ರಾತ್ರಿ ಕರೆಂಟು ಹೋದಾಗ ಅಕ್ಕ ಒಂದು ಕೊನೆಯನ್ನು ಹೇಳುತ್ತಿದ್ದಳು, ಮರುದಿನ ಇನ್ನೊಂದು. ಅವಳು ಹೇಳಿದ ಒಂದು ಕೊನೆಯಲ್ಲಿ ಮಾಯಾವಿ ಬೆಂಗಳೂರಿನ ರೈಲು ಹತ್ತಿ ಹೊಸೂರಿನಲ್ಲಿ ಇಳಿದಿದ್ದ. ಕೈಗೆ ರುಮಾಲು ಸುತ್ತಿಕೊಂಡಿದ್ದುದರಿಂದ ಯಾರಿಗೂ ಗುರುತು ಸಿಕ್ಕಿರಲಿಲ್ಲ.

ಆದ್ದರಿಂದ ದಯವಿಟ್ಟು ಚಿತ್ರ ತೆಗೆದು ಕಳಿಸಬೇಡಿ. ಅಕ್ಕ ಈಗ ಸತ್ಯಮಂಗಲದಲ್ಲಿದ್ದಾಳೆ. ಮುಂದಿನ ಭಾನುವಾರ ನಾನು ಅಲ್ಲಿಗೆ ಹೋಗಿ, ಅವಳನ್ನು ಕರೆದುಕೊಂಡು, ದಿಂಬಂ ಘಾಟಿಯ ಬೆಳಗಿನ ಬಸ್ಸಿನಲ್ಲಿ ತಾಳವಾಡಿಗೆ ಬರುತ್ತೇವೆ. ತಮಗೆ ತೊಂದರೆಯಿಲ್ಲದಿದ್ದರೆ ಪುಸ್ತಕವನ್ನು ಹೊರಗೆ ತೆಗೆದಿಟ್ಟಿರಿ. ಗುಳ್ಳೆಗಳನ್ನು ಅವಳೇ ಓದಲಿ.